ಸ್ಟಂಟ್ ಪಟಗಳ ಸ್ಟ್ಯಾಕ್‌ಗೆ ಚೌಕಟ್ಟು ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ದಾರ ಎಳೆದು ಬೇಕಾದತ್ತ ತಿರುಗಿಸುವ ಸ್ಟಂಟ್ ಪಟ ಕೈಗೆ ಹಿಡಿದವರಿಗೆ ಒಂದಲ್ಲ ಒಂದು ದಿನ ಅದರ ಹಿಂದೆ ಇನ್ನೊಂದು ಪಟ ಕಟ್ಟಿ ನೋಡುವ ಆಸೆ ಬರುತ್ತದೆ. ಕಟ್ಟಿದ ದಿನದಿಂದಲೇ ಪ್ರಶ್ನೆಗಳೂ ಶುರುವಾಗುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

ಕೆಲವು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಪಟದ ನಡುವೆ ಮೇಲಿಂದ ಕೆಳಗೆ ಹೋಗುವುದು ಬೆನ್ನುಕಡ್ಡಿ. ಮೂಗಿನಿಂದ ಎರಡೂ ಕಡೆ ಇಳಿಯುವುದು ರೆಕ್ಕೆಕಡ್ಡಿ. ರೆಕ್ಕೆಗಳನ್ನು ಅಗಲಿಸಿ ಹಿಡಿಯುವುದು ಅಡ್ಡಕಡ್ಡಿ. ಇದರಲ್ಲಿ ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಕೆಳಗಿನ ಅಡ್ಡಕಡ್ಡಿ ಬೆನ್ನುಕಡ್ಡಿಯನ್ನು ಕೂಡುವ ಜಾಗ ನಡುವಿನ ಟಿ. ಒಂದು ಪಟದಿಂದ ಮುಂದಿನ ಪಟಕ್ಕೆ ಹೋಗುವ ದಾರವನ್ನು ನಾನು ಕೊಂಡಿದಾರ ಅನ್ನುತ್ತೇನೆ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಹಾರಿಸುವ ದಾರವನ್ನು ಪಟದ ಕಡ್ಡಿಗಳಿಗೆ ಸೇರಿಸುವ ಗಿಡ್ಡ ಎಳೆಗಳು.

## ಶುರು ಮಾಡುವವರಿಗೆ

ಸ್ಟ್ಯಾಕ್ ಅಂದ್ರೆ ಒಂದೇ ದಾರಕ್ಕೆ ಸಾಲಾಗಿ ಪಟ ಕಟ್ಟೋದು ತಾನೇ?

ಅಲ್ಲ. ಹಾಗೆ ಕಟ್ಟಿದರೆ ಅದು ಒಂಟಿ ದಾರದ ಪಟಗಳ ಸಾಲು. ಸ್ಟಂಟ್ ಸ್ಟ್ಯಾಕ್‌ನಲ್ಲಿ ಕೈಯಿಂದ ಹೊರಟ ಎರಡು ದಾರ ಎಲ್ಲಕ್ಕಿಂತ ಮುಂದಿನ, ಅಂದರೆ ಹಾರಿಸುವವರಿಗೆ ಹತ್ತಿರದ, ಪಟದ ಸೂತ್ರಕ್ಕೆ ಮಾತ್ರ ಬರುತ್ತವೆ. ಎರಡನೆಯ ಪಟಕ್ಕೆ ಸೂತ್ರವೇ ಬೇಡ. ಅದರ ಐದಾರು ಜಾಗಗಳಿಂದ ಕೊಂಡಿದಾರಗಳು ಮುಂದಿನ ಪಟದ ಅದೇ ಐದಾರು ಜಾಗಗಳಿಗೆ ಬರುತ್ತವೆ. ಮೂರನೆಯದು ಎರಡನೆಯದಕ್ಕೆ, ನಾಲ್ಕನೆಯದು ಮೂರನೆಯದಕ್ಕೆ ಹೀಗೇ ಕಟ್ಟಿರುತ್ತದೆ. ಮುಂದಿನ ಪಟ ಎತ್ತ ತಿರುಗಿತೋ ಉಳಿದವೂ ಅತ್ತಲೇ ತಿರುಗುತ್ತವೆ.

ಬ್ರಿಟನ್ನಿನ ಪೀಟರ್ ಪೊವೆಲ್ 1972ರಲ್ಲಿ ತಮ್ಮ ಎರಡು ದಾರದ ವಜ್ರಾಕಾರದ ಪಟವನ್ನು ತಂದರು. ಅಂಥ ವಜ್ರಾಕಾರದ ಪಟಗಳು ಉದ್ದನೆಯ ಬಾಲಂಗೋಚಿ ಬಿಟ್ಟುಕೊಂಡು ಸಾಲಾಗಿ ಸುತ್ತುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅಂಗಡಿಯಿಂದ ತಂದ ಪಟಗಳನ್ನೇ ಜೋಡಿಸಬಹುದಾ? ಚೌಕಟ್ಟು ಬದಲಿಸಲೇಬೇಕಾ?

ಎರಡು ಪಟಕ್ಕೆ, ಹದವಾದ ಗಾಳಿಯಲ್ಲಿ, ಸಾಮಾನ್ಯವಾಗಿ ಬದಲಿಸಬೇಕಾಗಿಲ್ಲ. ಮೂರಕ್ಕೆ ಹೋದಾಗ ಮುಂದಿನ ಪಟದ ಕೆಳ ಅಡ್ಡಕಡ್ಡಿಯನ್ನಾದರೂ ಬದಲಿಸಿ. ಹಿಂದಿನವು ಇದ್ದ ಹಾಗೇ ಇರಲಿ. ಎಲ್ಲಾ ಪಟಗಳೂ ಒಂದೇ ಅಳತೆಯವಾಗಿರಬೇಕು, ಇದನ್ನು ಬಿಡುವ ಹಾಗಿಲ್ಲ. ಒಂದೇ ಮಾದರಿಯಾದರೂ ಬೇರೆ ಬೇರೆ ಸಲ ತಯಾರಾದ ಪಟಗಳಲ್ಲಿ ಜೋಡಣೆಯ ತೂತುಗಳು ಒಂದು ಸೆಂಟಿಮೀಟರ್ ಆಚೀಚೆ ಇರುವುದುಂಟು. ಒಂದರ ಮೇಲೊಂದು ಇಟ್ಟು ನೋಡಿ.

ಯಾವ ಆಕಾರದಿಂದ ಶುರು ಮಾಡಲಿ?

ವಜ್ರಾಕಾರದಿಂದ. ಕಡ್ಡಿ ಎರಡೇ, ಕೊಂಡಿದಾರವೂ ಪಟಕ್ಕೆ ನಾಲ್ಕೇ ಸಾಕು: ಬೆನ್ನುಕಡ್ಡಿಯ ಮೇಲೆ ಒಂದು, ಕೆಳಗೆ ಒಂದು, ಅಡ್ಡಕಡ್ಡಿಯ ಎರಡು ತುದಿಗೆ ಎರಡು. ಮೂರು ಪಟಗಳ ವಜ್ರದ ಸ್ಟ್ಯಾಕ್ ಒಂದು ತಿಂಗಳು ಹಾರಿಸಿದರೆ ಡೆಲ್ಟಾ (ತ್ರಿಕೋನಾಕಾರದ) ಪಟಗಳ ಸ್ಟ್ಯಾಕ್ ಕಟ್ಟಲು ಬೇಕಾದ ಮುಕ್ಕಾಲು ಪಾಲು ತಿಳುವಳಿಕೆ ಕೈಗೇ ಬಂದಿರುತ್ತದೆ.

## ಭಾರ ಎಲ್ಲಿ ಬೀಳುತ್ತದೆ

ಆರು ಪಟ ಕಟ್ಟಿದರೆ ಪ್ರತಿ ಪಟಕ್ಕೂ ಆರು ಪಟ್ಟು ಭಾರಾನಾ?

ಇಲ್ಲ, ಭಾರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಪಟ ಒಂದು ಗಾಳಿಯಲ್ಲಿ 3 ಕೆಜಿ ಎಳೆಯುತ್ತದೆ ಅಂದುಕೊಳ್ಳಿ. ಆರನೆಯ ಪಟ ಮತ್ತು ಐದನೆಯದರ ನಡುವಿನ ಕೊಂಡಿದಾರಗಳೆಲ್ಲ ಸೇರಿ ಹೊರುವುದು 3 ಕೆಜಿ. ಅದರ ಮುಂದಿನ ಗುಂಪು 6, ಆಮೇಲೆ 9, 12. ಮೊದಲ ಮತ್ತು ಎರಡನೆಯ ಪಟದ ನಡುವೆ 15. ಮುಂದಿನ ಪಟದ ಸೂತ್ರದಲ್ಲಿ 18. ಅಂದರೆ ಕೊನೆಯ ಪಟಕ್ಕೆ ತಾನು ಸ್ಟ್ಯಾಕ್‌ನಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಕಷ್ಟವೆಲ್ಲ ಮುಂದಿನ ಎರಡು ಪಟಗಳದ್ದು.

ಗಾಳಿಯ ಲೆಕ್ಕ ಇನ್ನೂ ಜೋರು. ಎಳೆತ ಗಾಳಿಯ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ಇದ್ದ ಗಾಳಿ 30 ಆದರೆ ಎಳೆತ ಎರಡೂಕಾಲು ಪಟ್ಟು. 40 ಆದರೆ ನಾಲ್ಕು ಪಟ್ಟು. ಆರು ಪಟದ 18 ಕೆಜಿ 72 ಕೆಜಿ ಆಗಿಬಿಡುತ್ತದೆ. ಚೌಕಟ್ಟಿನ ಲೆಕ್ಕವನ್ನು ಬೀಸಿ ಬರುವ ಗಾಳಿಗೆ ಹಾಕಬೇಕು, ಒಂದೇ ಸಮ ಇರುವ ಗಾಳಿಗಲ್ಲ.

ದಪ್ಪ ಕಡ್ಡಿ ಹಾಕಿದ್ದೆ. ಆದ್ರೂ ಮುಂದಿನ ಪಟದ ಕಡ್ಡಿ ಮುರೀತು. ಯಾಕೆ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಅತಿ ಹೆಚ್ಚು. ಇದರ ಉತ್ತರ ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಮುರಿದ ಜಾಗ ನೋಡಿ. ಕೊಂಡಿದಾರ ಕಟ್ಟಿದ ಜಾಗಕ್ಕೂ ಸೂತ್ರ ಕಟ್ಟಿದ ಜಾಗಕ್ಕೂ ನಡುವೆ ಮುರಿದಿದೆ, ಅಲ್ವಾ? ಹಿಂದಿನ ಪಟಗಳು ಒಂದು ಕಡೆಯಿಂದ ಹಿಂದಕ್ಕೆ ಎಳೆಯುತ್ತವೆ. ಸೂತ್ರ ಇನ್ನೊಂದು ಕಡೆಯಿಂದ ಮುಂದಕ್ಕೆ ಎಳೆಯುತ್ತದೆ. ನಡುವಿನ ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದ ಹಾಗೇ ಅದು. ಎರಡು ಗಂಟುಗಳ ನಡುವೆ 10 ಸೆಂ.ಮೀ. ದೂರ ಇದ್ದರೂ ಸಾಕು. 5 ಕೆಜಿ ಎಳೆತಕ್ಕೆ ಕಡ್ಡಿ ಮೇಲೆ ದೊಡ್ಡ ಬಾಗು ಬೀಳುತ್ತದೆ.

ಆದ್ದರಿಂದ ಕೊಂಡಿದಾರದ ಗಂಟು ಸೂತ್ರದ ಗಂಟಿಗೇ ತಾಗಿರಬೇಕು. ಡೆಲ್ಟಾ ಪಟದಲ್ಲಿ ಸೂತ್ರ ಬರುವ ಜಾಗಗಳು ಸಾಮಾನ್ಯವಾಗಿ ಐದು: ಮೇಲಿನ ಅಡ್ಡಕಡ್ಡಿಯ ಎರಡು ತುದಿ, ಕೆಳ ಅಡ್ಡಕಡ್ಡಿಯ ಎರಡು ತುದಿ, ನಡುವಿನ ಟಿ. ಆ ಐದೇ ಜಾಗಗಳಲ್ಲಿ ಕೊಂಡಿದಾರ ಕಟ್ಟಿ. ಸೂತ್ರದ ಕುಣಿಕೆ ಯಾವ ಜೋಡಣೆಯನ್ನು ಸುತ್ತಿದೆಯೋ ಅದನ್ನೇ ಹಿಂದಿನಿಂದ ಇನ್ನೊಂದು ಗಿಡ್ಡ ಕುಣಿಕೆಯಲ್ಲಿ ಸುತ್ತಿ. ಎರಡು ಕುಣಿಕೆಗಳನ್ನೂ ಒಂದಕ್ಕೊಂದು ಗಂಟು ಹಾಕಿ. ಆಗ ಹಿಂದಿನ ಎಳೆತ ದಾರದಿಂದ ದಾರಕ್ಕೆ ನೇರ ಹೋಗುತ್ತದೆ, ಕಡ್ಡಿಯನ್ನು ಬಾಗಿಸುವುದಿಲ್ಲ.

ಒಳ್ಳೆಯ ಉದಾಹರಣೆ ಬೇಕಾದರೆ ರೇ ಮೆರಿ ಮತ್ತು ಆಂಡ್ರ್ಯೂ ಜೋನ್ಸ್ 1972ರಲ್ಲಿ ರೂಪಿಸಿದ ಫ್ಲೆಕ್ಸಿಫಾಯಿಲ್ ನೋಡಿ. ಗಾಳಿ ತುಂಬಿಕೊಳ್ಳುವ ಆ ಪಟಕ್ಕೆ ಮುಂಭಾಗದಲ್ಲಿ ಬಳುಕುವ ಒಂದೇ ಕಡ್ಡಿ. ಹಾರಿಸುವ ದಾರ ಕಟ್ಟುವುದು ಕಡ್ಡಿಯ ಎರಡು ತುದಿಗೆ. ಹಿಂದಿನ ಪಟಕ್ಕೆ ಹೋಗುವ ದಾರಗಳೂ ಆ ತುದಿಗಳಿಂದಲೇ ಹೊರಡುತ್ತವೆ. ಅದರ ಒಂದು ಮಾದರಿಗೆ ಸ್ಟ್ಯಾಕರ್ ಅಂತಲೇ ಹೆಸರು. ಅಷ್ಟು ಬಳುಕುವ ಕಡ್ಡಿ ಸ್ಟ್ಯಾಕ್‌ನಲ್ಲಿ ಬಾಳುವುದು ಭಾರ ಅದರ ನಡುವಿಗೆ ಬರದೇ ಇರುವುದರಿಂದ.

ಗಂಟುಗಳೆಲ್ಲ ಒಂದೇ ಕಡೆ ಇದ್ದರೆ ತೆಳು ಕಡ್ಡಿಯೇ ಸಾಕಲ್ವಾ?

ಸಾಲದು. ಬಾಗುವ ಭಾರ ಹೋಯಿತು, ಒತ್ತುವ ಭಾರ ಉಳಿಯಿತು. ಸೂತ್ರದ ಎಳೆಗಳು ಓರೆಯಾಗಿ ಬರುತ್ತವೆ. ಹೊರಗಿನ ಎಳೆ ರೆಕ್ಕೆಯನ್ನು ಒಳಕ್ಕೆ ಎಳೆಯುತ್ತದೆ, ನಡುವಿನ ಎಳೆ ಟಿಯನ್ನು ಹೊರಕ್ಕೆ ಎಳೆಯುತ್ತದೆ. ಎರಡರ ಮಧ್ಯೆ ಸಿಕ್ಕಿದ ಕೆಳ ಅಡ್ಡಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿದ ಹಾಗಾಗುತ್ತದೆ. ಉದ್ದ ತೆಳು ಕಡ್ಡಿಯನ್ನು ನೆಲಕ್ಕೂರಿ ಮೇಲಿಂದ ಒತ್ತಿ ನೋಡಿ, ನಡುವೆ ಸೊಂಟ ಬಿಡುತ್ತದೆ. ಆರು ಪಟದ ಸ್ಟ್ಯಾಕ್‌ನಲ್ಲಿ ಮುಂದಿನ ಪಟದ ಈ ಒತ್ತಡ ಒಂಟಿ ಪಟದ ಆರು ಪಟ್ಟು.

ಇದನ್ನು ತಗ್ಗಿಸಲು ಮೊದಲು ಸೂತ್ರವನ್ನು ಉದ್ದ ಮಾಡಿ. ಉದ್ದವಾದಷ್ಟೂ ಓರೆ ಕಡಿಮೆ, ಒತ್ತಡವೂ ಕಡಿಮೆ. ಎಲ್ಲಾ ಎಳೆಗಳನ್ನೂ ಒಂದೇ ಲೆಕ್ಕದಲ್ಲಿ ಉದ್ದ ಮಾಡಬೇಕು, ಇಲ್ಲದಿದ್ದರೆ ಪಟದ ಕೋನವೇ ಕೆಡುತ್ತದೆ. ಕಡ್ಡಿ ದಪ್ಪ ಮಾಡುವುದು ಅದಾದ ಮೇಲೆ.

## ಕಡ್ಡಿಯ ವಿಚಾರ

ಫೈಬರ್‌ಗ್ಲಾಸ್ ಒಳ್ಳೇದಾ, ಕಾರ್ಬನ್ ಒಳ್ಳೇದಾ?

ಒಂದೇ ಅಳತೆಯ ಕಡ್ಡಿಯಾದರೆ ಕಾರ್ಬನ್ ಫೈಬರ್‌ಗ್ಲಾಸ್‌ಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲೂ ಹಗುರ. ಸೊಂಟ ಬಿಡದಂತೆ ತಡೆಯುವುದು ಬಿಗಿಯೇ. ಹಾಗಾಗಿ ಮುಂದಿನ ಪಟದ ಅಡ್ಡಕಡ್ಡಿಗೆ ಕಾರ್ಬನ್ ಹಾಕಿ.

ಆದರೆ ಕಾರ್ಬನ್ ಹೇಳದೇ ಕೇಳದೇ ಟಪ್ ಅಂತ ಮುರಿಯುತ್ತದೆ. ಫೈಬರ್‌ಗ್ಲಾಸ್ ಬಹಳ ಬಾಗಿ, ಹೊಡೆತ ತಿಂದು, ಮತ್ತೆ ನೆಟ್ಟಗಾಗುತ್ತದೆ. ಕಲಿಯುವ ದಿನಗಳಲ್ಲಿ ಸ್ಟ್ಯಾಕ್ ಮೂಗು ಕೆಳಗೆ ಮಾಡಿ ನೆಲಕ್ಕೆ ಬೀಳುವುದು ಇದ್ದದ್ದೇ. ಆ ದಿನಗಳಲ್ಲಿ ರೆಕ್ಕೆಕಡ್ಡಿಗೆ ಫೈಬರ್‌ಗ್ಲಾಸ್, ಅಡ್ಡಕಡ್ಡಿಗೆ ಕಾರ್ಬನ್ ಇದ್ದರೆ ಚೆನ್ನ. ಒಂದು ಎಚ್ಚರಿಕೆ: ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಇರುವ ಕಡೆ, ಗುಡುಗು ಮಿಂಚು ಇರುವಾಗ ಸ್ಟ್ಯಾಕ್ ಹೊರಗೆ ತೆಗೆಯಲೇಬೇಡಿ.

ಬಿದಿರು ನಡೆಯುತ್ತಾ?

ಸಣ್ಣ ವಜ್ರಾಕಾರದ ಮೂರು ಪಟಕ್ಕೆ ನಡೆಯುತ್ತದೆ. ಬಿದಿರಿನ ತೊಂದರೆ ಗಟ್ಟಿತನದ್ದಲ್ಲ, ಸರಿಸಮದ್ದು. ಒಂದು ಕಡ್ಡಿಯ ಹಾಗೆ ಇನ್ನೊಂದು ಇರುವುದಿಲ್ಲ, ಗೆಣ್ಣು ಇರುವ ಕಡೆ ಬೇರೆ ಥರ ಬಾಗುತ್ತದೆ. ಎಡ ರೆಕ್ಕೆ ಬಲಕ್ಕಿಂತ ಜಾಸ್ತಿ ಬಳುಕಿದರೆ ಪಟ ಒಂದೇ ಕಡೆ ವಾಲುತ್ತದೆ. ಕಡ್ಡಿಯ ಎರಡು ತುದಿಯನ್ನು ಕುರ್ಚಿಗಳ ಮೇಲಿಟ್ಟು ನಡುವೆ ಅರ್ಧ ಲೀಟರ್ ನೀರಿನ ಬಾಟಲಿ ತೂಗಿಸಿ. ಎಷ್ಟು ಜಗ್ಗಿತು ಅಂತ ಅಳೆದು ಬರೆದಿಡಿ. ಒಂದೇ ಜಗ್ಗು ಇರುವ ಕಡ್ಡಿಗಳನ್ನು ಜೋಡಿ ಮಾಡಿ. ಕಾರ್ಬನ್ ಕಡ್ಡಿ ಆರಿಸುವಾಗಲೂ ಈ ಪರೀಕ್ಷೆ ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಎಷ್ಟು ದಪ್ಪದ ಕಡ್ಡಿ? ಟೊಳ್ಳು ಕೊಳವೆನಾ, ಗಟ್ಟಿ ಕಡ್ಡಿನಾ?

ಗಟ್ಟಿ ಕಡ್ಡಿಯ ಬಿಗಿ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 5 ಮಿ.ಮೀ. ಕಡ್ಡಿ ತೆಗೆದು 6 ಹಾಕಿದರೆ ಬಿಗಿ ಎರಡು ಪಟ್ಟು. 6 ತೆಗೆದು 8 ಹಾಕಿದರೆ ಮೂರು ಪಟ್ಟಿಗೂ ಜಾಸ್ತಿ. ಒಂದೊಂದು ಮಿಲಿಮೀಟರ್‌ಗೂ ಇಷ್ಟು ಬೆಲೆಯಿದೆ.

ಕೊಳವೆಯಲ್ಲಿ ಇನ್ನೂ ಲಾಭ. ಹೊರಗೆ 8, ಒಳಗೆ 6 ಮಿ.ಮೀ. ಇರುವ ಕೊಳವೆಯ ತೂಕ ಸುಮಾರು 5.3 ಮಿ.ಮೀ. ಗಟ್ಟಿ ಕಡ್ಡಿಯಷ್ಟೇ. ಬಿಗಿ ಮಾತ್ರ ಅದರ ಮೂರೂವರೆ ಪಟ್ಟು. ಎರಡು ಮೀಟರ್ ಅಗಲದ ಡೆಲ್ಟಾ ಪಟಗಳನ್ನು ಆರರವರೆಗೆ ಕಟ್ಟುವುದಾದರೆ ನಾನು ಮುಂದಿನ ಪಟದ ಕೆಳ ಅಡ್ಡಕಡ್ಡಿಗೆ 8 ಮಿ.ಮೀ. ಕಾರ್ಬನ್ ಕೊಳವೆ, ಹಿಂದಿನವಕ್ಕೆ 6 ಮಿ.ಮೀ. ಹಾಕುತ್ತೇನೆ. ಕೊನೆಯ ಎರಡು ಇನ್ನೂ ತೆಳುವಾಗಿದ್ದರೆ ಮೆಲ್ಲಗಿನ ಗಾಳಿಯಲ್ಲಿ ಬಾಲ ಜೋತು ಬೀಳುವುದಿಲ್ಲ.

ಕಾರ್ಬನ್ ಕೊಳವೆ ಕತ್ತರಿಸುವಾಗ ಸೀಳಿ ಹೋಗುತ್ತೆ. ಏನು ಮಾಡಲಿ?

ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಎರಡು ಸುತ್ತು ಸುತ್ತಿ. ಸಣ್ಣ ಹಲ್ಲಿನ ಗರಗಸದಿಂದ, ಕೊಳವೆಯನ್ನು ತಿರುಗಿಸುತ್ತಾ ಸುತ್ತಲೂ ಗೀರಿ. ಒಂದೇ ಕಡೆಯಿಂದ ಪೂರ್ತಿ ಕೊಯ್ಯಬೇಡಿ. ಇಕ್ಕಳದಲ್ಲಿ ಅಂತೂ ಕಡಿಯಲೇಬೇಡಿ. ತುದಿಯನ್ನು ಒದ್ದೆ ಮರಳು ಕಾಗದದಲ್ಲಿ ಉಜ್ಜಿ. ಒದ್ದೆ ಇದ್ದರೆ ಪುಡಿ ಹಾರುವುದಿಲ್ಲ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಸಿಬಿರು ಬೆರಳಿಗೆ ಹೊಕ್ಕರೆ ತೆಗೆಯುವುದು ಬಹಳ ಕಷ್ಟ.

## ಕೊಂಡಿದಾರ ಮತ್ತು ಜೋಡಣೆ

ಪಟದಿಂದ ಪಟಕ್ಕೆ ಎಷ್ಟು ದೂರ ಇರಬೇಕು?

ಬೆನ್ನುಕಡ್ಡಿಯ ಉದ್ದದಷ್ಟು ಇಟ್ಟು ಶುರು ಮಾಡಿ. ತೀರಾ ಹತ್ತಿರ ಇಟ್ಟರೆ ಮುಂದಿನ ಪಟ ಕಲಕಿದ ಗಾಳಿಯಲ್ಲಿ ಹಿಂದಿನದು ಒದ್ದಾಡುತ್ತದೆ. ತೀರಾ ದೂರ ಇಟ್ಟರೆ ತಿರುವಿನಲ್ಲಿ ಬಾಲದ ಪಟಗಳು ತಡವಾಗಿ ಬರುತ್ತವೆ, ದಾರ ರೆಕ್ಕೆ ತುದಿಗೆ ಸಿಕ್ಕಿಕೊಳ್ಳುತ್ತದೆ.

ಉದ್ದ ಎಷ್ಟೇ ಇರಲಿ, ಎಲ್ಲವೂ ಒಂದೇ ಸಮ ಇರಬೇಕು. ಒಂದು ಹಲಗೆಗೆ ಎರಡು ಮೊಳೆ ಹೊಡೆದುಕೊಳ್ಳಿ. ದಾರವನ್ನು ಮೊದಲೇ ಭಾರ ತೂಗಿಸಿ ಒಂದು ರಾತ್ರಿ ಎಳೆದಿಡಿ. ಆಮೇಲೆ ಎರಡು ತುದಿಗೂ ಕುಣಿಕೆ ಹಾಕಿ, ಮೊಳೆಗಳ ನಡುವೆ ಒಂದೇ ಬಿಗಿಯಲ್ಲಿ ಕೂರುತ್ತದಾ ಅಂತ ಒಂದೊಂದನ್ನೇ ನೋಡಿ. ಎರಡು ಮೂರು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದದ್ದನ್ನು ಬಿಚ್ಚಿ ಮತ್ತೆ ಕಟ್ಟಿ. ಆರು ಪಟಕ್ಕೆ ಐದು ಗುಂಪು, ಗುಂಪಿಗೆ ಆರು ಅಂದರೂ ಮೂವತ್ತು ದಾರ. ಬೇಸರವಾಗುವ ಕೆಲಸವೇ. ಆದರೆ ಸ್ಟ್ಯಾಕ್ ಚೆನ್ನಾಗಿ ಹಾರುವುದೂ ಕೆಡುವುದೂ ಈ ಹಲಗೆಯ ಮೇಲೆ ತೀರ್ಮಾನವಾಗುತ್ತದೆ.

ಗುಂಪಿಗೆ ಆರು ಅಂದ್ರಿ. ಸೂತ್ರದ ಜಾಗ ಐದೇ ಅಲ್ವಾ?

ಆರನೆಯದು ಬೆನ್ನುಕಡ್ಡಿಯ ಬುಡಕ್ಕೆ. ಅದು ಭಾರ ಹೊರಲಿಕ್ಕಲ್ಲ, ಹಿಂದಿನ ಪಟ ತಲೆಯಾಡಿಸದಂತೆ ಹಿಡಿಯಲಿಕ್ಕೆ. ಅಲ್ಲಿ ಸೂತ್ರ ಇಲ್ಲದಿರುವುದರಿಂದ ದಾರ ಬಿಗಿಯಾಗಿದ್ದರೆ ಬೆನ್ನುಕಡ್ಡಿ ಬಾಗುತ್ತದೆ. ಒಂದೇ ಸಮ ಇರುವ ಗಾಳಿಯಲ್ಲಿ ಆ ದಾರ ಆಗ ತಾನೇ ನೆಟ್ಟಗಾಗುವಷ್ಟು ಇರಲಿ.

ಯಾವ ದಾರ ಹಾಕಲಿ?

ಜಗ್ಗದ ದಾರ. ಡೈನೀಮಾ (ಬಹಳ ಗಟ್ಟಿಯಾದ ಪಾಲಿಥಿಲೀನ್ ನೂಲು) ಅಥವಾ ಹೆಣೆದ ಪಾಲಿಯೆಸ್ಟರ್. ನೈಲಾನ್ ಬೇಡ, ಗಾಳಿ ಬೀಸಿದಾಗ ಒಂದೊಂದು ಒಂದೊಂದು ಥರ ಜಗ್ಗುತ್ತದೆ. ಡೈನೀಮಾ ನುಣುಪು, ಗಂಟು ಜಾರುತ್ತದೆ. ಗಂಟಿನ ಕಡೆ ಅದರ ಶಕ್ತಿ ಅರ್ಧದಷ್ಟೂ ಕುಗ್ಗಬಹುದು. ಅದಕ್ಕೇ ತುದಿಗೆ ಪಾಲಿಯೆಸ್ಟರ್ ತೋಳು, ಅಂದರೆ ದಾರವನ್ನು ತೂರಿಸುವ ಟೊಳ್ಳು ಕವಚ, ಹಾಕಿ ಗಂಟು ಹಾಕುತ್ತಾರೆ.

ನಾನು ಒಬ್ಬನೇ. ಜೋಡಿಸುವಾಗ ಎಲ್ಲಾ ಗೋಜಲಾಗಿ ಬಿಡುತ್ತೆ. ಸ್ಟ್ಯಾಂಡ್ ಮಾಡಬಹುದಾ?

ಖಂಡಿತ ಮಾಡಿ. ಎರಡು ಕಡೆ ಕತ್ತರಿ ಕಾಲು, ಮೇಲೆ ಒಂದು ಅಡ್ಡ ಕೊಳವೆ, ಅಷ್ಟೇ. ಎತ್ತರ ಬೆನ್ನುಕಡ್ಡಿಗಿಂತ ಒಂದು ಗೇಣು ಜಾಸ್ತಿ ಇರಲಿ. ಕೊಳವೆಯ ಉದ್ದ ಎರಡು ಮೀಟರ್ ಸುಮಾರು ಇದ್ದರೆ ಮೂರು ಪಟ ಹಿಡಿಯುತ್ತದೆ. ಕೊಂಡಿದಾರದ ಉದ್ದದಷ್ಟೇ ದೂರಕ್ಕೆ ಕೊಕ್ಕೆ ಹಾಕಿ. ಪ್ರತಿ ಪಟದ ಮೂಗಿಗೆ ಒಂದು ಕುಣಿಕೆ ಹೊಲಿದು, ಎಲ್ಲವೂ ಒಂದೇ ಕಡೆ ಮುಖ ಮಾಡುವಂತೆ ಬೀರುವಿನಲ್ಲಿ ಅಂಗಿ ತೂಗುಹಾಕಿದ ಹಾಗೆ ತೂಗುಹಾಕಿ.

ಮೊದಲು ಮೇಲಿನ ಎರಡು ದಾರ ಕಟ್ಟಿ, ಆಮೇಲೆ ನಡುವಿನ ಟಿ, ಆಮೇಲೆ ಕೆಳಗಿನವು. ಪಕ್ಕದಲ್ಲಿ ನಿಂತು ನೋಡಿದರೆ ಸಡಿಲ ಇರುವ ದಾರ ಕಣ್ಣಿಗೆ ಬೀಳುತ್ತದೆ. ಮೂರು ಮುಗಿದ ಮೇಲೆ ಮೊದಲಿನ ಎರಡನ್ನು ಮಡಚಿ ಕೆಳಗಿಟ್ಟು, ಮೂರನೆಯದನ್ನು ಮೊದಲ ಕೊಕ್ಕೆಗೆ ತಂದು ಮುಂದುವರಿಸಿ. ಗಾಳಿ ಇಲ್ಲದ ಜಾಗದಲ್ಲೇ ಈ ಕೆಲಸ ಮಾಡಿ. ಬೀಸುವ ಗಾಳಿಯಲ್ಲಿ ಸ್ಟ್ಯಾಂಡ್ ಸಮೇತ ಹೊರಟುಬಿಡುತ್ತದೆ.

## ಪಳಗಿದವರಿಗೆ

ಕೊಳವೆಯೊಳಗೆ ಇನ್ನೊಂದು ಕಡ್ಡಿ ತೂರಿಸಿದರೆ ಗಟ್ಟಿ ಆಗುತ್ತಾ?

ಉದ್ದಕ್ಕೂ ತೂರಿಸಿದರೆ ಲಾಭ ಕಡಿಮೆ. 8 ಮಿ.ಮೀ. ಕೊಳವೆಯೊಳಗೆ 6 ಮಿ.ಮೀ. ಗಟ್ಟಿ ಕಾರ್ಬನ್ ಕಡ್ಡಿ ತುಂಬಿದರೆ ತೂಕ ಎರಡು ಪಟ್ಟಿಗೂ ಮೀರುತ್ತದೆ, ಬಿಗಿ ಅರ್ಧದಷ್ಟೂ ಏರುವುದಿಲ್ಲ. ನಡುವಿನಲ್ಲಿರುವ ಪದಾರ್ಥ ಬಾಗನ್ನು ತಡೆಯಲು ಹೆಚ್ಚು ನೆರವಾಗುವುದಿಲ್ಲ, ಹೊರಮೈಯಲ್ಲಿರುವುದೇ ಕೆಲಸ ಮಾಡುವುದು. ಅದೇ ತೂಕಕ್ಕೆ ದಪ್ಪ ಕೊಳವೆ ತನ್ನಿ.

ಆದರೆ ತುದಿಗಳಲ್ಲಿ, ಟಿಯೊಳಗೆ ಕೂರುವ ಭಾಗದಲ್ಲಿ, ಐದಾರು ಸೆಂ.ಮೀ. ಗಟ್ಟಿ ಕಡ್ಡಿ ಎಪಾಕ್ಸಿ ಅಂಟು ಹಚ್ಚಿ ತೂರಿಸುವುದು ಒಳ್ಳೆಯದು. ಕೊಳವೆ ಅಲ್ಲಿ ನಜ್ಜಾಗಿ ಸೀಳುವುದೇ ಜಾಸ್ತಿ.

ಮುಂದಿನ ಅಡ್ಡಕಡ್ಡಿ ಹಾರುವಾಗ ಬಾಗ್ತಿದೆಯಾ ಇಲ್ವಾ ಅಂತ ಹೇಗೆ ತಿಳಿಯೋದು?

ಕೈಗೆ ತಿಳಿಯುವುದಿಲ್ಲ. ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟ್ಯಾಕ್ ಜೋರಾಗಿ ಎಳೆಯುವಾಗ ಫೋಟೋ ತೆಗೆಸಿ. ಫೋಟೋದ ಮೇಲೆ ಸ್ಕೇಲ್ ಇಟ್ಟು ನೋಡಿ. ಅಡ್ಡಕಡ್ಡಿ ಬಿಲ್ಲಿನಂತೆ ಕಂಡರೆ ಅವತ್ತೇ ಒಂದು ಪಟ ಕಡಿಮೆ ಮಾಡಿ. ಸೊಂಟ ಬಿಡಲು ಶುರುವಾದ ಕಡ್ಡಿ ಇನ್ನೊಂದು ಬೀಸು ತಡೆಯುವುದಿಲ್ಲ.

ಸ್ಟ್ಯಾಕ್ ಸದಾ ಎಡಕ್ಕೇ ಎಳೆಯುತ್ತೆ. ಎಲ್ಲಿ ಹುಡುಕಲಿ?

ಮೊದಲು ಹಾರಿಸುವ ಎರಡು ದಾರದ ಉದ್ದ ನೋಡಿ. ಸರಿ ಇದ್ದರೆ ಮುಂದಿನ ಪಟವನ್ನು ಒಂಟಿಯಾಗಿ ಹಾರಿಸಿ. ಅದು ನೆಟ್ಟಗೆ ಹಾರಿದರೆ ಒಂದೊಂದೇ ಪಟ ಸೇರಿಸುತ್ತಾ ಹೋಗಿ. ಯಾವ ಪಟ ಸೇರಿದಾಗ ವಾಲಿತೋ ಅದರ ಕೊಂಡಿದಾರ ಇಲ್ಲವೇ ಕಡ್ಡಿಯಲ್ಲಿ ತೊಂದರೆ ಇದೆ. ಇಡೀ ಸ್ಟ್ಯಾಕನ್ನು ಒಟ್ಟಿಗೆ ಇಟ್ಟುಕೊಂಡು ಸುಮ್ನೆ ಸೂತ್ರ ತಿದ್ದುತ್ತಾ ಕೂತರೆ ದಿನ ಮುಗಿಯುತ್ತದೆ, ತಪ್ಪು ಸಿಗುವುದಿಲ್ಲ.

ಹಾರಿಸುವ ದಾರ ಎಷ್ಟು ಗಟ್ಟಿ ಬೇಕು?

ಎಳೆತವನ್ನು ಎರಡರಿಂದ ಭಾಗಿಸಿ ಲೆಕ್ಕ ಹಾಕಬೇಡಿ. ತಿರುಗಿಸುವಾಗ ಬಹುಪಾಲು ಭಾರ ಒಂದೇ ದಾರಕ್ಕೆ ಬರುತ್ತದೆ. ಗಂಟಿನ ನಷ್ಟವನ್ನೂ ಸೇರಿಸಿ. ಮೂರು ಪಟಕ್ಕೆ 68 ಕೆಜಿ, ಆರಕ್ಕೆ 136 ಕೆಜಿ ತಡೆಯುವ ಡೈನೀಮಾ ದಾರ ಇಟ್ಟುಕೊಂಡಿದ್ದೇನೆ. ಬಿಗಿಯಾದ ಡೈನೀಮಾ ಚರ್ಮವನ್ನು ಕೊಯ್ಯುತ್ತದೆ. ಹಾರಿಸುವ ಜಾಗದಲ್ಲಿ ಜನ ಓಡಾಡದಂತೆ ನೋಡಿಕೊಳ್ಳಿ, ಮಕ್ಕಳಿದ್ದರೆ ಇನ್ನೂ ಎಚ್ಚರ. ದಾರದ ತುದಿಯಲ್ಲಿ ಕೈಗೆ ಹಿಡಿಯುವ ಪಟ್ಟಿಯನ್ನು ಮಣಿಕಟ್ಟಿಗೆ ಬಿಚ್ಚಲಾಗದಂತೆ ಸುತ್ತಿಕೊಳ್ಳಬೇಡಿ. ಬೀಸು ಬಂದಾಗ ಕೈ ಬಿಟ್ಟರೆ ಬಿಡುವಂತೆ ಇರಬೇಕು.

ಆರು ಸಲೀಸಾಗಿ ಹಾರ್ತಿವೆ. ಹನ್ನೆರಡಕ್ಕೆ ಹೋಗಬೇಕು. ಏನೇನು ಬದಲಿಸಲಿ?

ಹಿಂದಿನ ಆರನ್ನು ಮುಟ್ಟಬೇಡಿ. ಅವು ಈಗಿನ ಹಾಗೇ ಏಳರಿಂದ ಹನ್ನೆರಡನೆಯ ಪಟಗಳಾಗಲಿ. ಅವು ಹೊರುವ ಭಾರ ಇವತ್ತಿನಷ್ಟೇ. ಹೊಸ ಆರನ್ನು ಮುಂದೆ ಸೇರಿಸಿ. ಅವುಗಳ ಚೌಕಟ್ಟನ್ನು ಗಟ್ಟಿಯಿಂದ ಹಗುರಕ್ಕೆ ಇಳಿಸುತ್ತಾ ಬನ್ನಿ. ಮೊದಲ ಎರಡಕ್ಕೆ ಅತಿ ದಪ್ಪ ಕೊಳವೆ, ಆಮೇಲೆ ಒಂದೊಂದು ಮಿಲಿಮೀಟರ್ ಕಡಿಮೆ. ಹಿಂದಿನ ಗುಂಪಿನ ಮೊದಲ ಪಟದ ಸೂತ್ರ ತೆಗೆದಿಡಿ, ಬಿಸಾಡಬೇಡಿ. ಜೋರು ಗಾಳಿಯ ದಿನ ಆ ಆರನ್ನೇ ಬೇರೆ ಮಾಡಿ ಹಾರಿಸಲು ಅದು ಬೇಕಾಗುತ್ತದೆ.

ಮುಂದಿನ ಪಟದ ನಡುವಿನ ಟಿಯನ್ನು ಮರೆಯಬೇಡಿ. ಕಡ್ಡಿ ಎಷ್ಟೇ ದಪ್ಪ ಇದ್ದರೂ ಪ್ಲಾಸ್ಟಿಕ್ ಟಿ ಹಿಗ್ಗಿದರೆ ಎರಡು ಅರ್ಧಗಳು ನಡುವಿನಲ್ಲಿ ಮಡಚಿಕೊಳ್ಳುತ್ತವೆ. ಹನ್ನೆರಡರ ಮುಂದಿನ ಪಟಕ್ಕೆ ನಾನು ಎರಡು ತುಂಡು ಕಡ್ಡಿ ಬಿಟ್ಟು ಒಂದೇ ಉದ್ದ ಕೊಳವೆ ಹಾಕಿದೆ, ಬೆನ್ನುಕಡ್ಡಿಗೆ ಅಡ್ಡಲಾಗಿ ದಾರದಿಂದ ಬಿಗಿದು ಕಟ್ಟಿದೆ. ಚೀಲದಲ್ಲಿ ಹಿಡಿಸುವುದಿಲ್ಲ, ಹೆಗಲ ಮೇಲೆ ಹೊತ್ತುಕೊಂಡೇ ಹೋಗಬೇಕು. ಹಾಗೇ ಹೊತ್ತುಕೊಂಡು ಹೋಗುತ್ತೇನೆ.